ನವೆಂಬರ್‌ನಲ್ಲಿ ಹೊರಟ ಗಣಿತ ಟೀಚರ್: ಹಿನ್ನೀರಿನಾಚೆಯ ಒಂದು ಪ್ರಕರಣ

2023ರ ನವೆಂಬರ್. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ಗಣಿತವನ್ನೂ ಭೌತ, ರಸಾಯನ ವಿಜ್ಞಾನವನ್ನೂ ಕಲಿಸುತ್ತಿದ್ದವರು ಒಬ್ಬ ಅತಿಥಿ ಶಿಕ್ಷಕಿ. ಇಲಾಖೆಯವರ ಬಾಯಲ್ಲಿ ಅದು ‘ಪಿಸಿಎಂ ಹುದ್ದೆ’. ಕಾಯಂ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಖಾಲಿ ಬಿದ್ದದ್ದು ಹಾಗೇ ಇತ್ತು. ಆ ತಿಂಗಳು ಅವರ ಕೈಗೆ ಕಾಯಂ ನೌಕರಿಯ ಆದೇಶ ಬಂತು. ವರ್ಷಗಟ್ಟಲೆ ಕಾದದ್ದು ಸಿಕ್ಕಿತ್ತು, ಆದರೆ ಹೈಸ್ಕೂಲಿಗೆ ಸಿಗಲಿಲ್ಲ. ಹಿರಿಯ ಪ್ರಾಥಮಿಕ ಶಾಲೆಯ ಆರರಿಂದ ಎಂಟನೇ ತರಗತಿಗೆ, ‘ಪದವೀಧರ ಪ್ರಾಥಮಿಕ ಶಿಕ್ಷಕಿ’ಯಾಗಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಉಳಿದಿದ್ದದ್ದು ನಾಲ್ಕು ತಿಂಗಳು. ಇವರು ಎದ್ದು ಹೋದರೆ ಹತ್ತನೇ ತರಗತಿಗೆ ಗಣಿತ ಕಲಿಸುವವರು ಯಾರೂ ಇರಲಿಲ್ಲ.

ಹೋಗಬೇಕೋ ಬೇಡವೋ ಎನ್ನುವುದು ಪ್ರಶ್ನೆಯೇ ಅಲ್ಲ, ಯಾರೇ ಆದರೂ ಹೋಗುತ್ತಾರೆ. ಹೇಗೆ ಹೋದರು, ಹೋಗುವ ಮೊದಲು ಏನು ಮಾಡಿದರು, ಅಷ್ಟು ಮಾಡುವ ಕಸುಬು ಅವರಿಗೆ ಎಲ್ಲಿಂದ ಬಂತು ಎನ್ನುವುದಕ್ಕಾಗಿ ಈ ಪ್ರಕರಣವನ್ನು ನಾನು ನಮ್ಮ ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಇಡುತ್ತೇನೆ. ಅವರು ಒಂದು ಕಾಲಕ್ಕೆ ನನ್ನ ಗಣಿತ ಬೋಧನಾ ವಿಧಾನದ ತರಗತಿಯಲ್ಲಿ ಕೂತವರು. ಹೆಸರು, ಊರು, ಶಾಲೆ ಯಾವುದನ್ನೂ ಬರೆದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ‘ಟೀಚರ್’ ಎಂದರೆ ಅವರೇ.

ಮುಳುಗಡೆಯ ಮನೆ

ಟೀಚರ್ ಅಜ್ಜನ ಊರು ಲಿಂಗನಮಕ್ಕಿಯ ನೀರಿನಡಿ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೂ ಮೊದಲು, 1948ರ ಹೊತ್ತಿಗೆ ಹಿರೇಭಾಸ್ಕರ ಅಣೆಕಟ್ಟು ಒಂದಷ್ಟು ಊರುಗಳನ್ನು ಎಬ್ಬಿಸಿತ್ತು. ಲಿಂಗನಮಕ್ಕಿ ಕಟ್ಟಿದ ಮೇಲೆ ಹಳೆಯ ಅಣೆಕಟ್ಟೇ ಹೊಸದರ ನೀರಿನಲ್ಲಿ ಮುಳುಗಿತು. ಎದ್ದ ಕುಟುಂಬಗಳಲ್ಲಿ ಕೆಲವರು ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಂಚಿಗೆ ಹೋದರು, ಕೆಲವರು ನೀರು ಏರಿದಂತೆಲ್ಲ ಗುಡ್ಡ ಹತ್ತಿ ಅಲ್ಲೇ ನಿಂತರು. ಅಜ್ಜ ಗುಡ್ಡ ಹತ್ತಿದವರ ಪೈಕಿ. ಮೂರು ಕಡೆ ನೀರು, ಒಂದು ಕಡೆ ಕಾಡು. ಸಾಗರ ಪೇಟೆಗೆ ಬರಬೇಕೆಂದರೆ ಹೊಳೆಬಾಗಿಲಿನಲ್ಲಿ ಲಾಂಚ್ (ಜನ, ವಾಹನ ಸಾಗಿಸುವ ದೋಣಿ) ಹತ್ತಿ ದಾಟಬೇಕಿತ್ತು. ಸೇತುವೆ ಬಂದದ್ದು ಮೊನ್ನೆ ಮೊನ್ನೆ, 2025ರ ಜುಲೈನಲ್ಲಿ. ಈ ಪ್ರಕರಣದ ಕಾಲಕ್ಕೆ ಲಾಂಚೇ ಗತಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲಿ ನೆಂಟರ ಮನೆ ಹುಡುಕಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು.

ಮನೆಯಲ್ಲಿ ಹಕ್ಕುಪತ್ರವಿಲ್ಲದ ಸಣ್ಣ ಅಡಿಕೆ ತೋಟ. ಅಪ್ಪ ಬೇರೆಯವರ ತೋಟದಲ್ಲೂ ಕೆಲಸಕ್ಕೆ ಹೋಗುತ್ತಿದ್ದರು, ಅಮ್ಮ ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಟೀಚರ್ ಕೂಡ ಹೈಸ್ಕೂಲಿನಲ್ಲಿದ್ದಾಗಲೇ ಸುಲಿಯುವ ಮಣೆಯ ಮೇಲೆ ಕೂತವರು. ಪ್ರಾಥಮಿಕ ಶಾಲೆ ಏಕೋಪಾಧ್ಯಾಯ ಶಾಲೆ. ಮೇಷ್ಟ್ರು ಮೀಟಿಂಗಿಗೆ ಹೋದ ದಿನ ರಜೆ.

‘ನನಗೊಬ್ಬ ಒಳ್ಳೆಯ ಗುರು ಸಿಕ್ಕರು, ಅವರಂತೆ ಆಗಬೇಕೆಂದು ಬಂದೆ’ ಎಂದು ಬಿ.ಎಡ್. ಸೇರುವ ಹತ್ತರಲ್ಲಿ ಎಂಟು ಮಂದಿ ಮೊದಲ ವಾರದ ಸ್ವಪರಿಚಯದಲ್ಲಿ ಬರೆಯುತ್ತಾರೆ. ಇವರ ಹಾಳೆಯಲ್ಲಿ ಅದಿರಲಿಲ್ಲ. ಇವರು ಹತ್ತನೇ ತರಗತಿಯಲ್ಲಿದ್ದ ವರ್ಷ ಅವರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರೇ ಇರಲಿಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಪಕ್ಕದ ಊರಿನ ಅಣ್ಣನೊಬ್ಬ ಭಾನುವಾರ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಬೀಜಗಣಿತ ಹೇಳಿಕೊಟ್ಟ, ಅಷ್ಟೇ. ರೇಖಾಗಣಿತವನ್ನು ಪುಸ್ತಕ ನೋಡಿ ಬಾಯಿಪಾಠ ಮಾಡಿ ಬರೆದರು. ಪ್ರಮೇಯದಲ್ಲಿ ‘ದತ್ತ’ ಎಂದರೆ ಏನು, ‘ಸಾಧನೀಯ’ ಎಂದರೆ ಏನು ಎನ್ನುವುದು ಡಿಗ್ರಿಗೆ ಬಂದ ಮೇಲೆ ತಿಳಿಯಿತಂತೆ.

ಬಿ.ಎಡ್.ಗೆ ಬಂದ ಕಾರಣ

ಸಾಗರದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿದ್ದು ಪಿಯುಸಿ, ಅಲ್ಲೇ ಬಿ.ಎಸ್ಸಿ. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾದ ಮೇಲೆ ಮಲೆನಾಡಿನ ಹೆಣ್ಣುಮಕ್ಕಳಿಗೆ ಡಿಗ್ರಿ ಹತ್ತಿರವಾಯಿತು ಎನ್ನುತ್ತಾರೆ. ಡಿಗ್ರಿ ಹತ್ತಿರವಾಯಿತು, ಡಿಗ್ರಿಯಾದ ಮೇಲಿನ ಕೆಲಸ ಮಾತ್ರ ದೂರ ಸರಿಯುತ್ತಲೇ ಇತ್ತು. ಹಿಂದೆ ಈ ಜಿಲ್ಲೆಯಲ್ಲಿ ರಸಾಯನ ವಿಜ್ಞಾನ ಓದಿದವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕಾಗದ ಕಾರ್ಖಾನೆ ಎಂಬ ಎರಡು ಬಾಗಿಲುಗಳಿದ್ದವು. ಇವರು ಪದವಿ ಮುಗಿಸಿದ ಹೊತ್ತಿಗೆ ಒಂದು ಕುಂಟುತ್ತಿತ್ತು, ಇನ್ನೊಂದು ಮುಚ್ಚುತ್ತಿತ್ತು. ಉಳಿದದ್ದು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹೋಗಿ ಎಂ.ಎಸ್ಸಿ., ಬೆಂಗಳೂರಿಗೆ ಹೋಗಿ ಯಾವುದೋ ಕಂಪನಿಯ ಫೋನ್ ಕೆಲಸ, ಇಲ್ಲವೇ ಬಿ.ಎಡ್.

ಮನೆಯಲ್ಲಿ ಆಗಲೇ ಗಂಡು ನೋಡುತ್ತಿದ್ದರು. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಹೊಸ ನಿಯಮ. ಒಂದು ವರ್ಷದಲ್ಲಿ ಮುಗಿಯುತ್ತಿದ್ದದ್ದು ಎರಡಾಯಿತೆಂದು ನಮ್ಮ ಕಾಲೇಜುಗಳ ಅಂಗಳದಲ್ಲೆಲ್ಲ ಗೊಣಗಾಟ. ಇವರು ಮಾತ್ರ ಅದನ್ನು ಕೇಳಿ ಖುಷಿಪಟ್ಟವರು. ‘ಎರಡು ವರ್ಷ ಅಂದ್ರೆ ಎರಡು ವರ್ಷ ಮದುವೆ ಮಾತು ಎತ್ತೋ ಹಾಗಿಲ್ಲ ಸರ್’ ಎಂದು ಆಮೇಲೊಮ್ಮೆ ನಕ್ಕು ಹೇಳಿದ್ದರು. ಬೋಧನೆ ಪವಿತ್ರ ವೃತ್ತಿ, ಅದು ಒಳಗಿನ ಕರೆ ಎಂದೆಲ್ಲ ಭಾಷಣ ಮಾಡುವವರಿಗೆ ಈ ಮಾತು ರುಚಿಸುವುದಿಲ್ಲ. ನನಗೆ ರುಚಿಸುತ್ತದೆ. ಮಲೆನಾಡಿನ ಎಷ್ಟೋ ಒಳ್ಳೆಯ ಟೀಚರುಗಳು ಹೀಗೆ ಬೇರೆ ಯಾವುದನ್ನೋ ತಪ್ಪಿಸಿಕೊಳ್ಳಲು ಬಂದವರೇ. ಬಂದ ಕಾರಣ ನೋಡಿ ಅಳೆಯುವುದಾದರೆ ನಮ್ಮ ಸ್ಟಾಫ್ ರೂಮುಗಳಲ್ಲಿ ಅರ್ಧ ಕುರ್ಚಿ ಖಾಲಿಯಾದಾವು.

ಹೊಸ ಪಠ್ಯಕ್ರಮದಲ್ಲಿ ಇಪ್ಪತ್ತು ವಾರ ಶಾಲಾ ಅನುಭವ. ಹಿಂದಿನ ಪದ್ಧತಿಯಲ್ಲಿ ವಿದ್ಯಾರ್ಥಿಗಳು ಚಾರ್ಟು ಹಿಡಿದು ಹೋಗಿ ಲೆಕ್ಕಕ್ಕೆ ಸರಿಯಾಗಿ ಪಾಠ ಮಾಡಿ ವಾಪಸಾಗುತ್ತಿದ್ದರು. ಇಪ್ಪತ್ತು ವಾರ ಎಂದರೆ ಚಾರ್ಟು ಹರಿದು ಹೋದ ಮೇಲೂ ಮಕ್ಕಳ ಮುಂದೆ ನಿಲ್ಲಬೇಕು. ಆಗ ಇವರ ಪಾಠ ನೋಡಲು ಹೋದವನು ನಾನೇ. ಪಾಠ ಯೋಜನೆ ಸಾಧಾರಣ, ಕಪ್ಪುಹಲಗೆ ಬರಹ ಓರೆ. ಆದರೆ ಒಂದು ಗುಣ ಕಣ್ಣಿಗೆ ಬಿತ್ತು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಹೊಸಬರು ಸಾಮಾನ್ಯವಾಗಿ ಮೂರು ಎಣಿಸುವುದರೊಳಗೆ ತಾವೇ ಉತ್ತರ ಹೇಳಿಬಿಡುತ್ತಾರೆ; ತರಗತಿಯ ಮೌನ ಅವರಿಗೆ ತಡೆಯುವುದಿಲ್ಲ. ಇವರು ನಿಂತಿರುತ್ತಿದ್ದರು, ಹಿಂದಿನ ಬೆಂಚಿನಿಂದ ಯಾರಾದರೂ ತಪ್ಪು ಉತ್ತರವನ್ನಾದರೂ ಹೇಳುವವರೆಗೆ. ಕೇಳಿದ್ದಕ್ಕೆ, ಹಾಸ್ಟೆಲಿನಲ್ಲಿ ಕಿರಿಯ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಅವರು ಯೋಚಿಸುವಾಗ ನಾನು ನನ್ನ ಬಟ್ಟೆ ಮಡಚುತ್ತಿದ್ದೆ, ಅದೇ ಅಭ್ಯಾಸ ಎಂದರು. ನಾವು ಪಾಠ ಮಾಡುವ ಯಾವ ಬೋಧನಾ ಕೌಶಲ್ಯದ ಪಟ್ಟಿಯಲ್ಲೂ ಬಟ್ಟೆ ಮಡಚುವುದು ಇಲ್ಲ.

ಎಂಟು ಸಾವಿರದ ವರ್ಷಗಳು

ಬಿ.ಎಡ್. ಮುಗಿದದ್ದು 2017ರಲ್ಲಿ. ಅದೇ ಜೂನ್‌ನಲ್ಲಿ ತಮ್ಮೂರ ಕಡೆಯ ಹೈಸ್ಕೂಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದರು, ತಾವು ಗಣಿತದ ಮೇಷ್ಟ್ರಿಲ್ಲದೆ ಎಸ್ಸೆಸ್ಸೆಲ್ಸಿ ಬರೆದ ಶಾಲೆಗೇ.

ಅತಿಥಿ ಶಿಕ್ಷಕರ ವ್ಯವಸ್ಥೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಖಾಲಿ ಹುದ್ದೆಯ ಲೆಕ್ಕ ನೋಡಿ ಇಲಾಖೆ ಪ್ರತಿ ವರ್ಷ ಇಷ್ಟು ಜನ ಎಂದು ಅನುಮತಿ ಕೊಡುತ್ತದೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ಜೂನ್‌ಗೆ ಮತ್ತೆ ಅರ್ಜಿ. ನಡುವೆ ಕಾಯಂ ಶಿಕ್ಷಕರು ವರ್ಗವಾಗಿ ಬಂದರೆ ಮರುದಿನದಿಂದ ಬರುವ ಹಾಗಿಲ್ಲ. ಬೇಸಿಗೆ ರಜೆಗೆ ಗೌರವಧನವಿಲ್ಲ. ಪ್ರೌಢಶಾಲೆಯವರಿಗೆ ತಿಂಗಳಿಗೆ 8,000 ರೂಪಾಯಿ ಇತ್ತು, 2022ರಲ್ಲಿ 10,500 ಆಯಿತು. ಅದೂ ತಿಂಗಳು ತಿಂಗಳು ಬರುವುದಿಲ್ಲ, ಮೂರು ನಾಲ್ಕು ತಿಂಗಳಿಗೊಮ್ಮೆ ಒಟ್ಟಿಗೆ ಬೀಳುತ್ತದೆ. ‘ತೋಟಕ್ಕೆ ಹೋಗೋ ಹೆಣ್ಣಾಳಿಗೂ ಇದಕ್ಕಿಂತ ಹೆಚ್ಚು ಸಿಗ್ತದೆ’ ಎಂದು ಅಮ್ಮ ಹೇಳುತ್ತಿದ್ದದ್ದು ಬರೀ ಹಂಗಿಸುವ ಮಾತಲ್ಲ, ಲೆಕ್ಕದಲ್ಲೂ ಸರಿಯಾಗಿತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಈ ವರ್ಷಗಳಲ್ಲಿದೆ. ಅವರು ಟೀಚರ್ ಆದದ್ದು ಇಲ್ಲಿ.

ಮೊದಲ ವರ್ಷ ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ: ‘ಪಾಸಿಂಗ್ ಪ್ಯಾಕೇಜ್’. ಹೈಸ್ಕೂಲು ಮೇಷ್ಟ್ರುಗಳಿಗೆ ಇದು ಬೇಡವೆಂದರೂ ಕೇಳಿಸುವ ಪದ. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ಅಥವಾ ಮಧ್ಯಾಂಕ, ಓಜೀವ್ (ಸಂಚಿತ ಆವೃತ್ತಿಯ ವಕ್ರರೇಖೆ), ಎರಡು ಸಮೀಕರಣದ ನಕ್ಷೆ, ಒಂದು ಪ್ರಮೇಯ, ನಾಲ್ಕಾರು ಸೂತ್ರ. ಇಷ್ಟನ್ನು ತಿಕ್ಕಿ ತಿಕ್ಕಿ ಮಾಡಿಸಿದರೆ ಹಿಂದುಳಿದ ಮಗುವೂ ದಡ ಸೇರುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಗಣಿತಕ್ಕೆ ನೂರು, ಅದರಲ್ಲಿ ಲಿಖಿತ ಎಂಬತ್ತು, ಆಂತರಿಕ ಇಪ್ಪತ್ತು. ದಡ ಸೇರಲು ಎಷ್ಟು ಬೇಕೆಂಬುದು ಪ್ರತಿ ಹೆಡ್‌ಮಾಸ್ಟರಿಗೂ ಬಾಯಿಪಾಠ. ಪ್ಯಾಕೇಜನ್ನು ಬೈಯುವುದು ಸುಲಭ, ಬೈಯುವವರಲ್ಲಿ ಹೆಚ್ಚಿನವರು ಹತ್ತನೇ ತರಗತಿ ಫಲಿತಾಂಶದ ಪರಿಶೀಲನಾ ಸಭೆಯಲ್ಲಿ ಎದ್ದು ನಿಂತವರಲ್ಲ. ಆದರೂ ಇವರಿಗೆ ಕಿರಿಕಿರಿಯಾಯಿತು. ಓಜೀವ್ ಚೆನ್ನಾಗಿ ಎಳೆದ ಹುಡುಗನನ್ನು, ‘ಈ ಗೆರೆ ಏನು ಹೇಳ್ತದೆ?’ ಎಂದು ಕೇಳಿದರೆ, ‘ಮೂರು ಮಾರ್ಕ್ಸ್, ಮಿಸ್’ ಎಂದನಂತೆ.

ಎರಡನೇ ಮಳೆಗಾಲಕ್ಕೆ ಅವರು ಲಿಂಗನಮಕ್ಕಿ ಜಲಾಶಯದ ಮಟ್ಟವನ್ನು ತರಗತಿಗೆ ತಂದರು. ಶಿವಮೊಗ್ಗ ಜಿಲ್ಲೆಯಲ್ಲಿ 1819 ಅಡಿ ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಅದು ಜಲಾಶಯದ ಗರಿಷ್ಠ ಮಟ್ಟ. ಜೂನ್‌ನಿಂದ ದಿನಾ ಪತ್ರಿಕೆಯಲ್ಲಿ ಬರುತ್ತದೆ: ಇಂದಿನ ಮಟ್ಟ, ಒಳಹರಿವು, ಹೊರಹರಿವು. ಲಾಂಚ್ ದಾಟಿ ಪತ್ರಿಕೆ ಬರುವುದು ತಡವಾದರೂ ಬರುತ್ತಿತ್ತು. ಒಂದೊಂದು ದಿನ ಒಬ್ಬ ವಿದ್ಯಾರ್ಥಿ ಗೋಡೆಯ ಮೇಲಿನ ನಕ್ಷೆಹಾಳೆಯಲ್ಲಿ ಚುಕ್ಕಿ ಇಡಬೇಕು. ಜುಲೈ ಮುಗಿಯುವ ಹೊತ್ತಿಗೆ ಗೆರೆ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಕಡಿದಾಗಿ ಏರಿದೆ. ಯಾವ ದಿನ ಹೊಸನಗರದ ಕಡೆ ಜೋರು ಮಳೆಯಾಯಿತು ಎಂದು ಗೆರೆ ನೋಡಿ ಹೇಳಿ ಎಂದರೆ ಮಕ್ಕಳು ಹೇಳುತ್ತಿದ್ದರು. ಇಳಿಜಾರು ಎನ್ನುವುದು ಪದವಾಗಿ ಬರುವ ಮೊದಲೇ ಕಣ್ಣಿಗೆ ಬಂದಿತ್ತು.

ಆಮೇಲಿನ ಪ್ರಶ್ನೆ ಇನ್ನೂ ಚೆನ್ನಾಗಿದೆ. 1760 ಅಡಿಯಿಂದ ಒಂದು ಅಡಿ ಏರುವುದಕ್ಕೂ 1810ರಿಂದ ಒಂದು ಅಡಿ ಏರುವುದಕ್ಕೂ ನೀರು ಅಷ್ಟೇ ಸಾಕೇ? ಮಕ್ಕಳು ಮೊದಲು ಅಷ್ಟೇ ಎಂದರು, ಅಡಿ ಅಂದರೆ ಅಡಿಯೇ ಅಲ್ಲವೇ ಎಂದು. ಒಬ್ಬಳು ಹುಡುಗಿ, ಮೇಲೆ ಹೋದಂತೆ ಹೊಳೆ ಅಗಲ ಆಗ್ತದೆ ಮಿಸ್, ನಮ್ಮ ಗದ್ದೆ ತನಕ ಬರ್ತದೆ ಎಂದಳು. ಅಲ್ಲಿಂದ ಶಂಕುವಿನ ಭಿನ್ನಕದ, ಅಂದರೆ ತುದಿ ಕತ್ತರಿಸಿದ ಶಂಕುವಿನ, ಘನಫಲಕ್ಕೆ ಬಂದರು. ಬಕೆಟ್ಟು, ಲೋಟ ಎಂದು ಪುಸ್ತಕ ಕೊಡುವ ಉದಾಹರಣೆಗಿಂತ ಇದು ಅವರ ಕಾಲಬುಡದ್ದು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಆ ನಕ್ಷೆ ತೂಗಿದ್ದ ಕೋಣೆಯಲ್ಲಿ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಇದನ್ನೂ ಮಕ್ಕಳೇ ಎತ್ತಿದರಂತೆ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಕೇಳಿ ಎಂದು ಇವರು ಜಾರಿಕೊಂಡರು.

ರಸಾಯನ ವಿಜ್ಞಾನಕ್ಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಹತ್ತನೇ ತರಗತಿಯ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು. ಅದು ನಡೆಯುವುದು ಜೂನ್‌ನಲ್ಲಿ, ಮಲೆನಾಡಿನ ತೋಟಗಳಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕೊತಕೊತ ಕುದಿಯುವುದನ್ನು ನೋಡದ ಮಗು ಆ ಶಾಲೆಯಲ್ಲಿರಲಿಲ್ಲ. ಅದೇ ಸಂಯೋಗ ಕ್ರಿಯೆ, ಅದೇ ಬಹಿರುಷ್ಣಕ (ಶಾಖ ಹೊರಹಾಕುವ) ಕ್ರಿಯೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ತೋಟದವರು ಅದರಲ್ಲಿ ಕತ್ತಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಕೂತದ್ದು ತಾಮ್ರ. ತಾಮ್ರಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ, ಅದಕ್ಕೇ ತಾಮ್ರವನ್ನು ದ್ರಾವಣದಿಂದ ಹೊರಹಾಕಿ ತಾನು ಆ ಜಾಗಕ್ಕೆ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಳಿಬಿಡುವ ಚಟುವಟಿಕೆ ಇದೆಯಲ್ಲ, ಸ್ಥಾನಪಲ್ಲಟ ಕ್ರಿಯೆಗೆ, ಅದನ್ನೇ ಇವರ ಅಪ್ಪ ಪ್ರತಿ ಮಳೆಗಾಲ ಕತ್ತಿಯಲ್ಲಿ ಮಾಡುತ್ತಿದ್ದರು. ಪ್ರಯೋಗಾಲಯದಲ್ಲಿ ಸಾಮಗ್ರಿ ಇಲ್ಲವೆಂದು ಅರ್ಜಿ ಬರೆಯುತ್ತಿದ್ದ ಶಾಲೆಯಲ್ಲಿ ಮಕ್ಕಳು ಮನೆಯಿಂದ ಚಿಟಿಕೆ ಮೈಲುತುತ್ತ ತಂದರು. ಅದು ವಿಷ, ಕೈ ತೊಳೆಯಿಸಲೇಬೇಕು ಎಂದು ಎರಡೆರಡು ಸಲ ಹೇಳಿ ತರಿಸಿದ್ದು.

ಇದನ್ನೆಲ್ಲ ಯಾವ ತರಬೇತಿಯೂ ಕಲಿಸಲಿಲ್ಲ, ನಾನೂ ಕಲಿಸಲಿಲ್ಲ. ಅಲ್ಲೇ ಬೆಳೆದಿದ್ದು, ಅಲ್ಲೇ ವರ್ಷದ ಮೇಲೆ ವರ್ಷ ಅದೇ ಪಾಠ ಮಾಡಿದ್ದು ಎರಡೂ ಕೂಡಿದ್ದರಿಂದ ಬಂದದ್ದು. ವರ್ಷಕ್ಕೊಮ್ಮೆ ವರ್ಗ ಬಯಸಿ ಕೌನ್ಸೆಲಿಂಗ್‌ಗೆ ಕಾಯುವ ಕಾಯಂ ಶಿಕ್ಷಕರಿಗೆ ಅದು ಬರಲು ಪುರುಸೊತ್ತು ಸಿಗುವುದಿಲ್ಲ. ಹಾಗೆಂದು ಅವರನ್ನು ದೂರಲಾರೆ. ಮಕ್ಕಳನ್ನು ಸಾಗರದಲ್ಲಿ ಓದಿಸುತ್ತ, ಲಾಂಚ್ ಸಮಯ ನೋಡಿಕೊಂಡು ಹೋಗಿ ಬರುತ್ತಿದ್ದವರ ಪಾಡು ಬೇರೆಯೇ.

ಕೋವಿಡ್ ಕಾಲವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು, ಜೂನ್‌ನಲ್ಲಿ ಅತಿಥಿ ಶಿಕ್ಷಕರನ್ನು ಕರೆಯಲಿಲ್ಲ. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬರುತ್ತಿತ್ತು, ಇಲ್ಲಿ ಕರೆಂಟ್ ಇದ್ದರೆ. ಆನ್‌ಲೈನ್ ತರಗತಿ ಎಂದರೆ ಗುಡ್ಡದ ನೆತ್ತಿಗೆ ಹೋಗಿ ನೆಟ್‌ವರ್ಕ್ ಹಿಡಿಯುವುದು. ಅಷ್ಟರಲ್ಲಿ ಮದುವೆಯಾಗಿ ಈಚೆ ದಡದ ಗಂಡನ ಮನೆಯಲ್ಲಿದ್ದರು, ಅಲ್ಲೇ ಆ ಕೊಯ್ಲಿನಲ್ಲಿ ಮತ್ತೆ ಅಡಿಕೆ ಸುಲಿಯಲು ಕೂತರು. 2021ರ ಜನವರಿಯಲ್ಲಿ ಹತ್ತನೇ ತರಗತಿ ತೆರೆದ ಮೇಲೆ ಹೆಡ್‌ಮಾಸ್ಟರ್ ಫೋನ್ ಮಾಡಿದರು: ‘ಆದೇಶ ಬರೋದು ಬರ್ಲಿ, ನೀವು ಬಂದುಬಿಡಿ ಮೇಡಂ.’ ಹೋದರು. ಆ ವರ್ಷ ಪರೀಕ್ಷೆ ಜುಲೈನಲ್ಲಿ ಎರಡೇ ದಿನ, ಎಲ್ಲ ಬಹು ಆಯ್ಕೆ ಪ್ರಶ್ನೆ. ಗಣಿತದಲ್ಲಿ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕಿ ಪಾಸಾದ ಆ ತಂಡವನ್ನು ನೆನೆದರೆ ಅವರಿಗೆ ಈಗಲೂ ಸಂಕಟ.

ಪಟ್ಟಿ

ಹೈಸ್ಕೂಲು ಹುದ್ದೆಗೆ ನೇಮಕಾತಿ ಕರೆಯುತ್ತಾರೆಂದು ಕಾದು ವರ್ಷಗಳು ಕಳೆದವು. ವಯಸ್ಸು ಏರುತ್ತಿತ್ತು. ಅಷ್ಟರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಬಂತು. ಪರೀಕ್ಷೆ 2022ರ ಮೇ 21, 22. ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಆಗಲೇ ಪಾಸಾಗಿತ್ತು. 150 ಪ್ರಶ್ನೆಗೆ 150 ಅಂಕದ ಪರೀಕ್ಷೆ ಅದು. ಮೇ ತಿಂಗಳ ನೇಮಕಾತಿ ಪರೀಕ್ಷೆಯಾದ ಸಿಇಟಿಯ ವಿಷಯ ಪತ್ರಿಕೆಯಲ್ಲಿ ವಿವರಿಸಿ ಬರೆಯುವ ಭಾಗವೂ ಇತ್ತು. ಹಿಂದಿನ ಸುತ್ತಿನಲ್ಲಿ ಅಲ್ಲೇ ಮುಗ್ಗರಿಸಿದವರು ಎಷ್ಟೋ ಮಂದಿ, ಹುದ್ದೆಗಳು ಖಾಲಿ ಉಳಿದವು. ಇವರಿಗೆ ಅದೇ ಸಲೀಸಾಯಿತು. ದಿನಾ ಹಲಗೆಯ ಮೇಲೆ ಬಿಡಿಸುತ್ತಿದ್ದದ್ದನ್ನು ಹಾಳೆಯ ಮೇಲೆ ಬಿಡಿಸಿದರು.

ಅರ್ಜಿಯಲ್ಲಿ ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಎರಡಕ್ಕೂ ಹೌದು ಎಂದು ಬರೆದರು. ಇನ್ನೊಂದು ಕಾಲಂ ಇತ್ತು, ಯೋಜನೆಗಳಿಂದ ನಿರ್ವಸಿತರಾದ ಕುಟುಂಬದವರೇ ಎಂದು. ಅವರಿಗೂ ನೇಮಕಾತಿಯಲ್ಲಿ ಮೀಸಲಾತಿ ಉಂಟು. ಅಜ್ಜ ಊರು ಬಿಟ್ಟದ್ದಕ್ಕೆ ಇಡೀ ಸೀಮೆ ಸಾಕ್ಷಿ, ಕಾಗದ ಮಾತ್ರ ಇಲ್ಲ. ಅಪ್ಪ ಟ್ರಂಕು ಕೊಡವಿ ಹುಡುಕಿದರು. ಸಿಕ್ಕಿದ್ದು ಹೆಸರು ಅರ್ಧ ಅಳಿಸಿದ ಒಂದು ರಸೀದಿ. ಆ ಕಾಲಂಗೆ ಇಲ್ಲ ಎಂದೇ ಬರೆದರು. ಯಾವ ನೀರಿನಿಂದಾಗಿ ಅವರ ಬದುಕು ಹೀಗಾಯಿತೋ ಆ ನೀರು ಅರ್ಜಿಯಲ್ಲಿ ಎಲ್ಲೂ ಕಾಣಲಿಲ್ಲ.

ಆಯ್ಕೆ ಪಟ್ಟಿ ಬಂದ ಮೇಲೆ ಮತ್ತೊಂದು ತೊಡಕು. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದ್ದಾಗಬೇಕೋ ಗಂಡನ ಹೆಸರಿನದ್ದೋ ಎಂಬ ತಕರಾರು ಹೈಕೋರ್ಟಿಗೆ ಹೋಯಿತು. ಇಡೀ ನೇಮಕಾತಿ ತಿಂಗಳುಗಟ್ಟಲೆ ನಿಂತಿತು. 2023ರ ಅಕ್ಟೋಬರ್‌ನಲ್ಲಿ ದಾರಿ ತೆರೆದು, ಹದಿಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಆದೇಶ ಕೊಡಲು ಅನುವಾಯಿತು. ಜೂನ್‌ನಲ್ಲಿ ಆಗಬೇಕಿದ್ದದ್ದು ನವೆಂಬರ್‌ಗೆ ಬಂದದ್ದು ಹೀಗೆ.

ಅಂಕದ ಲೆಕ್ಕ ಹೇಗೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಸಿಇಟಿ ಅಂಕ, ಟಿಇಟಿ ಅಂಕ, ಪದವಿ ಅಂಕ, ಬಿ.ಎಡ್. ಅಂಕ. ಗೋಡೆಯ ಮೇಲಿನ ನಕ್ಷೆ, ಕತ್ತಿಯ ಅಲಗು, ಭಾನುವಾರದ ವಿಶೇಷ ತರಗತಿ, ಒಟ್ಟಿನಲ್ಲಿ 2017ರಿಂದ ಮಾಡಿದ ಪಾಠಕ್ಕೆ ಈ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ. ಬಿ.ಎಡ್. ಮುಗಿಸಿ ಒಂದು ದಿನವೂ ಮಕ್ಕಳ ಮುಂದೆ ನಿಲ್ಲದೆ ಶಿವಮೊಗ್ಗದಲ್ಲೋ ಧಾರವಾಡದಲ್ಲೋ ಕೋಚಿಂಗ್ ರೂಮಿನಲ್ಲಿ ಕೂತಿದ್ದವರೂ ಇವರೂ ಸಮ. ಇನ್ನೂ ನೇರವಾಗಿ ಹೇಳಿದರೆ ಕೋಚಿಂಗಿನಲ್ಲಿ ಕೂತವರಿಗೇ ಅನುಕೂಲ, ಓದಲು ಅವರಿಗೆ ಸಮಯವಿತ್ತು. ಅನುಭವಕ್ಕೆ ಅಂಕ ಕೊಟ್ಟರೆ ಅತಿಥಿ ಆದೇಶಕ್ಕೇ ಶಿಫಾರಸು ಶುರುವಾಗುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಶೂನ್ಯ ಎನ್ನುವುದೂ ಒಂದು ಬೆಲೆ ಕಟ್ಟಿದ ಹಾಗೆಯೇ.

ಹೋಗುವ ಮೊದಲು

ಆದೇಶದ ದಾರಿ ತೆರೆದ ಸುದ್ದಿಗೂ ಹೊಸ ಶಾಲೆಗೆ ಹಾಜರಾಗುವ ದಿನಕ್ಕೂ ನಡುವೆ ಕೆಲವು ವಾರ ಸಿಕ್ಕವು. ಜಿಲ್ಲಾ ಕೌನ್ಸೆಲಿಂಗ್‌ನಲ್ಲಿ ಅವರು ಆರಿಸಿಕೊಂಡದ್ದು ಗಂಡನ ಮನೆಗೆ ಹತ್ತಿರದ, ಈಚೆ ದಡದ ಹಿರಿಯ ಪ್ರಾಥಮಿಕ ಶಾಲೆ. ಮಗುವಿಗೆ ಆಗ ಎರಡೂ ತುಂಬಿರಲಿಲ್ಲ. ಆಚೆ ದಡದಲ್ಲೇ ಒಂದು ಶಾಲೆ ಆರಿಸಿಕೊಂಡಿದ್ದರೆ ಹೈಸ್ಕೂಲಿನ ಮಕ್ಕಳಿಗೂ ಸಿಗುತ್ತಿದ್ದರಲ್ಲ ಎಂದು ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರೋ ಒಬ್ಬರು, ಹೆಚ್ಚಾಗಿ ಹುಡುಗರು, ಹೇಳುತ್ತಾರೆ. ಕೊನೆಯ ಲಾಂಚ್ ಎಷ್ಟು ಗಂಟೆಗೆ, ಮಗು ನೋಡಿಕೊಳ್ಳುವವರು ಯಾರು ಎಂದು ನಾನು ಕೇಳುತ್ತೇನೆ. ಉತ್ತರ ಬರುವುದಿಲ್ಲ.

ಆ ವಾರಗಳಲ್ಲಿ ಅವರು ಪಠ್ಯವನ್ನು ಬುಡಮೇಲು ಮಾಡಿದರು. ನವೆಂಬರ್‌ನಲ್ಲಿ ಸಾಮಾನ್ಯವಾಗಿ ಪುಸ್ತಕದ ಕ್ರಮದಲ್ಲೇ ಸಾಗುತ್ತಿರುತ್ತೇವೆ. ಕಷ್ಟದ ಪಾಠಗಳು ಡಿಸೆಂಬರ್, ಜನವರಿಗೆ ಬೀಳುತ್ತವೆ. ಇವರು ಉಳಿದ ಪಾಠಗಳನ್ನು ಎರಡಾಗಿ ವಿಂಗಡಿಸಿದರು: ಯಾರಾದರೂ ಎದುರು ನಿಂತು ಹೇಳದಿದ್ದರೆ ಮಗುವಿಗೆ ಬರಲಾರದ್ದು ಒಂದು ಕಡೆ, ಬಿಡಿಸಿದ ಲೆಕ್ಕ ನೋಡಿ ಮಾಡಿಕೊಳ್ಳಬಹುದಾದದ್ದು ಇನ್ನೊಂದು ಕಡೆ. ಮೊದಲನೆಯದರಲ್ಲಿ ತ್ರಿಕೋನಮಿತಿ, ಪ್ರಮೇಯಗಳ ಸಾಧನೆ, ವಿಜ್ಞಾನದಲ್ಲಿ ಮಸೂರದ ಕಿರಣ ರೇಖಾಚಿತ್ರ, ವಿದ್ಯುತ್ ಮಂಡಲ. ಎರಡನೆಯದರಲ್ಲಿ ಸಂಖ್ಯಾಶಾಸ್ತ್ರ, ಸಂಭವನೀಯತೆ, ಘನಫಲದ ಲೆಕ್ಕಗಳು. ಅಂದರೆ ಪಾಸಿಂಗ್ ಪ್ಯಾಕೇಜಿನ ಜೀವಾಳವಾದ ಸಂಖ್ಯಾಶಾಸ್ತ್ರವನ್ನೇ ಕಲಿಸದೆ ಬಿಟ್ಟರು. ಹೆಡ್‌ಮಾಸ್ಟರಿಗೆ ಎದೆ ಧಸಕ್ಕೆಂದಿತು. ‘ಇದ್ಯಾವ ಲೆಕ್ಕ ಮೇಡಂ? ಪಾಸಾಗೋ ಪಾಠ ಬಿಟ್ಟು ಕಬ್ಬಿಣದ ಕಡಲೆ ಹಿಡ್ಕೊಂಡಿದೀರಲ್ಲ!’

ಅವರ ಉತ್ತರ ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟ. ಸುಲಭದ್ದನ್ನು ಯಾರು ಬಂದರೂ ಮಾಡಿಸುತ್ತಾರೆ, ಯಾರೂ ಬರದಿದ್ದರೆ ಮಕ್ಕಳೇ ಮಾಡಿಕೊಳ್ಳುತ್ತಾರೆ ಎಂದರು. ಜೊತೆಗೆ ಒಂದು ಏರ್ಪಾಡನ್ನೂ ಮಾಡಿದರು. ಊರ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಹಿಂದಿನ ವರ್ಷ ಪಾಸಾಗಿ ಪಿಯುಸಿಯಲ್ಲಿದ್ದ ಒಬ್ಬರನ್ನು ಭಾನುವಾರಕ್ಕೆ ಗೊತ್ತು ಮಾಡಿದರು. ತಮಗೆ ಬೀಜಗಣಿತ ಹೇಳಿಕೊಟ್ಟ ಅಣ್ಣನ ನೆನಪು ಇರಬೇಕು, ಅವರು ಹಾಗೆಂದು ಹೇಳಲಿಲ್ಲ. ಬಿಡಿಸಿದ ಲೆಕ್ಕಗಳ ನೋಟ್ಸನ್ನು ಸ್ವಂತ ದುಡ್ಡಿನಲ್ಲಿ ಜೆರಾಕ್ಸ್ ಮಾಡಿಸಿ ಕೊಟ್ಟರು.

ಗೌರವಧನದ ಬಾಕಿ ಮೂರು ತಿಂಗಳದ್ದು ಆಗಿನ್ನೂ ಬಂದಿರಲಿಲ್ಲ. ಹೊಸ ನೌಕರಿಯ ಮೂಲ ವೇತನ ಆಗ 27,650 ರೂಪಾಯಿ.

ಆಮೇಲೆ

ಬದಲಿ ಅತಿಥಿ ಶಿಕ್ಷಕರು ಸಿಕ್ಕಿದ್ದು ಜನವರಿಗೆ, ಅದೂ ಜೀವವಿಜ್ಞಾನ ಓದಿದವರು. ವಿಜ್ಞಾನ ನಿಭಾಯಿಸಿದರು; ಗಣಿತಕ್ಕೆ ಜೆರಾಕ್ಸ್ ಹಾಳೆ ಮತ್ತು ಭಾನುವಾರದ ಗುಂಪು. 2024ರ ಮಾರ್ಚ್ 25ಕ್ಕೆ ಪರೀಕ್ಷೆ. ಮೊದಲ ಬಾರಿಗೆ ಪರೀಕ್ಷಾ ಕೋಣೆಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40 ಶೇಕಡಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಹತ್ತರಿಂದ ಇಪ್ಪತ್ತು ಶೇಕಡಕ್ಕೆ ಏರಿಸಿದ ಮೇಲೆ. ಶಿವಮೊಗ್ಗ ಜಿಲ್ಲೆ ಉಡುಪಿ, ದಕ್ಷಿಣ ಕನ್ನಡದ ಹಿಂದೆಯೇ ಮೂರನೇ ಸ್ಥಾನಕ್ಕೆ ಬಂತು.

ಈ ಶಾಲೆಯಲ್ಲಿ ಕೆಲವು ಮಕ್ಕಳು ಗಣಿತದಲ್ಲಿ ಫೇಲಾದರು. ಹೆಡ್‌ಮಾಸ್ಟರ್ ಹೆದರಿದಷ್ಟೇನೂ ಆಗಲಿಲ್ಲ, ಟೀಚರ್ ಅಂದುಕೊಂಡಷ್ಟು ಚೆನ್ನಾಗಿಯೂ ಆಗಲಿಲ್ಲ. ಫೇಲಾದವರು ಹೆಚ್ಚಾಗಿ ಒಂದೇ ಊರಿನವರು. ಅಲ್ಲಿನ ಪಿಯುಸಿ ಹುಡುಗ ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲಿಗೆ ಹೋಗಿ ಭಾನುವಾರದ ಗುಂಪು ಮುರಿದಿತ್ತು. ಆ ವರ್ಷದಿಂದ ಮೂರು ಪರೀಕ್ಷೆಯ ಪದ್ಧತಿ ಬಂದಿತ್ತು. ಜೂನ್‌ನ ಎರಡನೇ ಪರೀಕ್ಷೆಗೆ ಟೀಚರ್ ಬೇಸಿಗೆ ರಜೆಯಲ್ಲಿ ತವರಿಗೆ ಹೋಗಿ ಕೂತು ಅವರಿಗೆ ಸಂಖ್ಯಾಶಾಸ್ತ್ರವನ್ನೇ ಮಾಡಿಸಿದರು, ಪಕ್ಕಾ ಪ್ಯಾಕೇಜ್ ಶೈಲಿಯಲ್ಲಿ. ತತ್ವ ಎಲ್ಲಿ ಹೋಯಿತು ಎಂದು ನಾನು ತಮಾಷೆ ಮಾಡಿದೆ. ‘ಪಾಸಾದ್ರೆ ಪಿಯುಸಿಗೆ ಹೋಗ್ತಾರೆ ಸರ್, ಇಲ್ಲ ಅಂದ್ರೆ ತೋಟಕ್ಕೆ ಹೋಗ್ತಾರೆ’ ಎಂದರು. ನಾನು ಮಾತು ಮುಂದುವರಿಸಲಿಲ್ಲ.

ಈಗ ಅವರು ಪ್ರಾಥಮಿಕ ಶಾಲೆಯ ಟೀಚರ್. ಆರನೇ ತರಗತಿಗೆ ಭಿನ್ನರಾಶಿ ಕಲಿಸುವುದು ಹತ್ತಕ್ಕೆ ತ್ರಿಕೋನಮಿತಿ ಕಲಿಸುವುದಕ್ಕಿಂತ ಕಷ್ಟ ಎನ್ನುತ್ತಾರೆ. ಹತ್ತನೇ ತರಗತಿಯಲ್ಲಿ ತಾವು ನೋಡಿದ ತಪ್ಪುಗಳೆಲ್ಲ ಹುಟ್ಟುವುದು ಇಲ್ಲೇ ಎಂದು ಈಗ ಗೊತ್ತಾಗಿದೆಯಂತೆ. ಹೈಸ್ಕೂಲಿಗೆ ಬಡ್ತಿಯ ದಾರಿ ಇದೆ, ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಅವರ ಹೆಸರು ತೀರಾ ಕೆಳಗಿದೆ.

ಕಳೆದ ಶೈಕ್ಷಣಿಕ ವರ್ಷದಲ್ಲಿ ಈಚೆ ದಡದ ಇನ್ನೊಂದು ಹೈಸ್ಕೂಲಿನಲ್ಲಿ ಗಣಿತ ಶಿಕ್ಷಕರಿಲ್ಲವೆಂದು ಇವರನ್ನು ವಾರಕ್ಕೆ ಮೂರು ದಿನ ಅಲ್ಲಿಗೆ ನಿಯೋಜನೆ ಮಾಡಿದರು. ಪ್ರಾಥಮಿಕ ಶಾಲೆಯ ಪೋಷಕರು, ನಮ್ಮ ಮಕ್ಕಳ ಟೀಚರನ್ನು ಕಿತ್ತುಕೊಂಡರೆ ಹೇಗೆ ಎಂದು ಮನವಿ ಕೊಟ್ಟರು. ಮೂರು ದಿನ ಎರಡಕ್ಕೆ ಇಳಿಯಿತು. ಸೋಮವಾರ, ಗುರುವಾರ ಹೈಸ್ಕೂಲು. ಉಳಿದ ದಿನ ಪ್ರಾಥಮಿಕ ಶಾಲೆ. ಹಾಜರಿ ಪುಸ್ತಕ ಎರಡು ಕಡೆಯೂ ಇದೆ.